ಸುಮಿತ್ರವ್ವ ಕೂಡಬಹುದಾದ ದಂಡೆ

ರೊಟ್ಟಿ ಮುರಿಯಲಿಲ್ಲ, ಬಾಗಿತು. ದೇವೇಂದ್ರಪ್ಪ ಇನ್ನೊಂದನ್ನು ಎತ್ತಿಕೊಂಡ, ಅದೂ ಬಾಗಿತು. ಮುಂಡರಗಿಯಲ್ಲಾದರೆ ತಿಂಗಳುಗಟ್ಟಲೆ ಡಬ್ಬಿಯಲ್ಲಿ ಹಪ್ಪಳದ ಹಾಗೆ ಕೂತಿರುವ ಕಡಕ್ ರೊಟ್ಟಿ, ಕುಮಟೆಯ ಈ ಬಾಡಿಗೆ ಕೋಣೆಯಲ್ಲಿ ಒಂದೇ ರಾತ್ರಿಗೆ ತೊಯ್ದ ಚಪ್ಪಲಿಯಂತಾಗಿತ್ತು. ಸಮುದ್ರದ ಗಾಳಿಗೆ ಹೀಗಾಗುತ್ತದೆಂದು ಯಾರಾದರೂ ಒಂದು ಮಾತು ಹೇಳಬಾರದಿತ್ತೇ! ಅರಿವೆಯಲ್ಲಿ ಕಟ್ಟಿದ ರೊಟ್ಟಿಯ ಥಪ್ಪಿ, ಶೇಂಗಾ ಚಟ್ನಿ, ಅಗಸಿ ಚಟ್ನಿ, ಸಾಲದ್ದಕ್ಕೆ ಒಂದು ಚೀಲ ಜೋಳದ ಹಿಟ್ಟು. ನೀವು ಸಮುದ್ರ ನೋಡಲು ಹೊರಟವರೋ, ದೇಶಾಂತರ ಹೊರಟವರೋ ಎಂದು ಮಗಳು ವಿದ್ಯಾಶ್ರೀ ಗದಗಿನಿಂದ ಫೋನಿನಲ್ಲೇ ನಕ್ಕಿದ್ದಳು. ಹೆಂಡತಿ ಸುಮಿತ್ರವ್ವ ಹಾಸಿಗೆಯ ತುದಿಗೆ ಕುಳಿತು, ಬಾವು ಬಂದ ಬಲಗೈಯನ್ನು ದಿಂಬಿನ ಮೇಲೆ ಇಟ್ಟುಕೊಂಡು, ಗಂಡ ರೊಟ್ಟಿಯನ್ನು ಬಗ್ಗಿಸಿ ಬಗ್ಗಿಸಿ ನೋಡುವುದನ್ನು ನೋಡುತ್ತಿದ್ದಳು.

"ಬಿಡ್ರಿ, ಅದನ್ನೇನು ಪಂಚಾಯ್ತಿ ಮಾಡ್ತೀರಿ. ರೊಟ್ಟಿ ತಿನ್ನಾಕ ಬಂದೇವೇನು ಇಲ್ಲಿತನಕ?" ಎಂದಳು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ರೊಟ್ಟಿಯ ಮಾತು ಬಂದರೆ ಸಾಕು, ದೇವೇಂದ್ರಪ್ಪ ತನ್ನ ಅಂಗೈ ನೋಡಿಕೊಳ್ಳುತ್ತಿದ್ದ. ಬೀಜ, ಗೊಬ್ಬರದ ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ಮೆತ್ತಗಾದ ಕೈ. ಆ ಕೈ ರೊಟ್ಟಿ ಬಡಿಯಲು ಕಲಿತಿದೆ ಎಂಬುದು ಮುಂಡರಗಿಯಲ್ಲಿ ಒಂದು ನರಪಿಳ್ಳೆಗೂ ಗೊತ್ತಿರಲಿಲ್ಲ. ಕಲಿತದ್ದರಲ್ಲಿ ಅಪರಾಧವೇನಿದೆ, ಇರಲಿ ಬಿಡು ಎಂದು ತನಗೆ ತಾನೇ ಹೇಳಿಕೊಂಡರೂ ಮನಸ್ಸು ಕೇಳುತ್ತಿರಲಿಲ್ಲ. ಹೋದ ವರ್ಷ ಹುಬ್ಬಳ್ಳಿಯ ದವಾಖಾನೆಯಲ್ಲಿ ಸುಮಿತ್ರವ್ವನ ಬಲಗಡೆಯ ಎದೆ ತೆಗೆದು, ಆಮೇಲೆ ಕೈಗೆ ಸೂಜಿ ಚುಚ್ಚಿ ಔಷಧದ ಬಾಟಲಿ ಏರಿಸುತ್ತಿದ್ದ ದಿನಗಳಲ್ಲಿ ಅವನು ಎದುರು ಓಣಿಯ ನೀಲವ್ವನ ಖಾನಾವಳಿಯಲ್ಲಿ ಉಣ್ಣುತ್ತಿದ್ದ. ಒಂದು ಮಧ್ಯಾಹ್ನ ಜನ ಕರಗಿದ ಮೇಲೆ ಒಲೆಯ ಬಾಜೂಕೆ ನಿಂತು, ನನಗೂ ಇದನ್ನು ಕಲಿಸುತ್ತೀರೇನ್ರಿ ಎಂದು ಕೇಳಿದ. ನೀಲವ್ವ ತಲೆ ಎತ್ತದೆ, "ಯಾಕ್ರಿಯಪ್ಪಾ, ಮನ್ಯಾಗ ಯಾರೂ ಇಲ್ಲೇನು?" ಎಂದಳು. "ಇಲ್ಲ" ಎಂದುಬಿಟ್ಟ. ಬಾಯಿ ತಪ್ಪಿ ಬಂದದ್ದೂ ಅಲ್ಲ, ಯೋಚಿಸಿ ಹೇಳಿದ್ದೂ ಅಲ್ಲ. ರಸ್ತೆಯ ಆಚೆಗೆ, ಎರಡನೆಯ ಅಂತಸ್ತಿನ ಕಿಟಕಿಯ ಹಿಂದೆ ಹೆಂಡತಿ ಉಸಿರಾಡುತ್ತಿದ್ದಾಗ ಅವನು ಮನೆಯಲ್ಲಿ ಯಾರೂ ಇಲ್ಲ ಎಂದ. ನೀಲವ್ವ ಅಯ್ಯೋ ಎಂದು ಮರುಗಿ, ಹಿಟ್ಟಿನ ಪರಾತವನ್ನು ಅವನ ಕಡೆ ಸರಿಸಿದಳು. ಆ ಕನಿಕರವನ್ನು ಅವನು ಬೇಡ ಅನ್ನಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ಜನ ಆಡಿಕೊಂಡು ನಗುತ್ತಾರೆ. ಹೆಂಡತಿ ಸಾಯುವ ಮುಂಚೆ ರೊಟ್ಟಿ ಕಲಿಯುವವನನ್ನು ನೋಡಿ ನಗಲಿಕ್ಕೂ ಆಗುವುದಿಲ್ಲ, ಉಗುಳಬೇಕಷ್ಟೆ.

ಕೆಳಗೆ ಮುರ್ತುಜಾ ಹಾರ್ನ್ ಹೊಡೆದ. ಮುಂಡರಗಿಯಿಂದ ಇವರನ್ನು ತನ್ನ ಬಾಡಿಗೆ ಕಾರಿನಲ್ಲಿ ಕರೆದುಕೊಂಡು ಬಂದಿದ್ದ ಅವನಿಗೆ ನಲವತ್ತರ ಹತ್ತಿರದ ವಯಸ್ಸು, ಬಾಯಿಗೆ ಬಿಡುವಿಲ್ಲ. ಸಮುದ್ರವನ್ನು ಅವನೂ ಸರಿಯಾಗಿ ನೋಡಿದವನಲ್ಲ. ಆದರೆ ಅವ್ವಾರಿಗೆ ಒಪ್ಪುವ ದಂಡೆ ಹುಡುಕಿಕೊಡುವುದು ತನ್ನ ಮಾನದ ಪ್ರಶ್ನೆ ಎಂಬಂತೆ, ಬೆಳಿಗ್ಗೆಯೇ ಚಹಾದ ಅಂಗಡಿಯಲ್ಲಿ ನಾಲ್ಕು ಜನರನ್ನು ಹಿಡಿದು ವಿಚಾರಿಸಿಕೊಂಡು ಬಂದಿದ್ದ. "ಇಲ್ಲಿ ಬೀಚಿಗೇನು ಬರಗಾಲಿಲ್ಲ ಸಾವ್ಕಾರ್ರ, ಹೆಜ್ಜಿಗೊಂದ ಅದಾವು. ಸಂತ್ಯಾಗ ಎತ್ತು ನೋಡಿದಂಗ ನೋಡೂಣು, ಹಲ್ಲು ಸರಿ ಇದ್ರ ಇಳಿಯೂಣು."

ಊರಿಗೆ ಹತ್ತಿರದ ದಂಡೆಯಲ್ಲಿ ಯಾವುದೋ ಶಾಲೆಯ ಪ್ರವಾಸದ ಬಸ್ಸುಗಳು ನಿಂತಿದ್ದವು. ನೀರಿನ ತುಂಬ ಮಕ್ಕಳು, ದಂಡೆಯ ತುಂಬ ಚಪ್ಪಲಿ, ಸೀಟಿ ಊದುವ ಕಾವಲಿನವನು. ಸುಮಿತ್ರವ್ವ ಕಾರಿನಿಂದ ಇಳಿದು ಸ್ವಲ್ಪ ಹೊತ್ತು ನಿಂತಳು. ಮಕ್ಕಳನ್ನು ನೋಡಿ ನಕ್ಕಳು ಕೂಡ. ಆಮೇಲೆ ಸೆರಗನ್ನು ಬಲ ಹೆಗಲಿನ ಮೇಲಿಂದ ಎಳೆದು ಎದೆಯ ಸುತ್ತ ಬಿಗಿಯಾಗಿ ಸುತ್ತಿಕೊಂಡು, "ಇಲ್ಲಿ ಬ್ಯಾಡ್ರಿ" ಎಂದಳು. ಎರಡನೆಯ ದಂಡೆಯಲ್ಲಿ ಆಗತಾನೇ ದೋಣಿ ಬಂದಿದ್ದವು. ಚಾಪೆಯ ಮೇಲೆ ಸಣ್ಣ ಮೀನು ಒಣಗುತ್ತಿದ್ದವು, ಹೆಂಗಸರು ಬುಟ್ಟಿ ಹಿಡಿದು ದನಿ ಎತ್ತಿ ಚೌಕಾಸಿ ಮಾಡುತ್ತಿದ್ದರು. ಔಷಧದ ದಿನಗಳಿಂದ ವಾಸನೆ ತಡೆಯದ ಸುಮಿತ್ರವ್ವ ಮೂಗಿಗೆ ಸೆರಗು ಒತ್ತಿಕೊಂಡು ಕಾರಿನ ಬಾಗಿಲು ತೆಗೆಯಲೇ ಇಲ್ಲ. ಅವರ ಅನ್ನದ ಜಾಗದಲ್ಲಿ ನಿಂತು ಮೂಗು ಮುಚ್ಚಿಕೊಳ್ಳುವುದು ಸರಿಯಲ್ಲ, ನಡೀರಿ ಎಂದು ತಾನೇ ನಾಚಿಕೊಂಡಳು. ಮೂರನೆಯದು ಹೆಸರಾದದ್ದು, ಮುರ್ತುಜಾನ ಫೋನಿನಲ್ಲಿ ಅದಕ್ಕೆ ನಕ್ಷತ್ರಗಳ ಸಾಲೇ ಇತ್ತು. ಅಲ್ಲಿ ಮದುವೆಗೆ ಮುಂಚಿನ ಫೋಟೋ ತೆಗೆಸುವ ಒಂದು ಜೋಡಿ, ಅವರ ಮುಂದೆ ಹಿಂದೆ ಬೆಳ್ಳಿಹಾಳೆಯ ಹಲಗೆ ಹಿಡಿದ ಮಂದಿ. ಸ್ವಲ್ಪ ಸರಿದು ಕುಳಿತುಕೊಳ್ಳೋಣ ಎಂದು ಹೋದರೆ ಒಬ್ಬ, "ಅಂಕಲ್, ಫ್ರೇಮಿನಾಗ ಬರ್ತೀರಿ, ಈ ಕಡೆ ಬರ್ರಿ" ಎಂದು ಕೈಬೀಸಿದ. ಬೀಜದ ಕಂಪನಿಯ ಸಾಹೇಬರು ಅಂಗಡಿಗೆ ಬಂದರೂ ಕುರ್ಚಿ ಬಿಟ್ಟು ಏಳದ ದೇವೇಂದ್ರಪ್ಪ, ಪಂಚೆಯನ್ನು ಮೊಣಕಾಲಿಗೆ ಎತ್ತಿಕೊಂಡು ಉಸುಕಿನಲ್ಲಿ ಕಾಲು ಕೀಳುತ್ತ ಯಾರದೋ ಚಿತ್ರದಿಂದ ಹೊರಗೆ ಓಡಿದ.

"ಎಂಥದ್ದು ಬೇಕು ನಿನಗ, ಅದನ್ನರ ಹೇಳು ಒಮ್ಮೆ" ಎಂದು ಕಾರಿನಲ್ಲಿ ಕೂತ ಮೇಲೆ ಸಿಡುಕಿದ. ಸಿಡುಕಿದ ಕ್ಷಣವೇ ನಾಲಿಗೆ ಕಚ್ಚಿಕೊಂಡ. ಅವಳಿಗೆ ಬೇಕಾದದ್ದು ಅವನಿಗೆ ಗೊತ್ತಿತ್ತು. ಈಗ ಏನೂ ಉಳಿದಿಲ್ಲ, ಆರಾಮಾಗಿ ಊರಿಗೆ ಹೋಗಿ ಬನ್ನಿ ಎಂದು ಡಾಕ್ಟರು ಹೇಳಿದ ದಿನ ದವಾಖಾನೆಯ ಮೆಟ್ಟಿಲ ಮೇಲೆ ಕುಳಿತು, ಏನು ಬೇಕು ಹೇಳು ಎಂದಾಗ ಅವಳು ಬಂಗಾರ ಕೇಳಲಿಲ್ಲ, ಸೀರೆ ಕೇಳಲಿಲ್ಲ. "ಒಮ್ಮೆ ಸಮುದ್ರದ ನೀರಾಗ ಕುಂಡ್ರಬೇಕ್ರಿ. ಯಾರೂ ಇರಬಾರದು" ಎಂದಿದ್ದಳು. ಡಂಬಳದ ಕೆರೆಯ ದಂಡೆಯಲ್ಲಿ ಬೆಳೆದ ಹೆಣ್ಣು. ಕಟ್ಟೆಯ ಮೇಲೆ ನಿಂತು ನೋಡುವುದು ಅವಳಿಗೆ ನೀರು ನೋಡಿದಂತೆ ಅಲ್ಲವೇ ಅಲ್ಲ. ನೀರಿನಲ್ಲಿ ಕುಳಿತರೆ ಸೀರೆ ತೊಯ್ಯುತ್ತದೆ, ತೊಯ್ದ ಸೀರೆ ಮೈಗೆ ಹತ್ತುತ್ತದೆ, ಮೈಗೆ ಹತ್ತಿದರೆ ಒಂದು ಕಡೆ ಇರುವುದೂ ಇನ್ನೊಂದು ಕಡೆ ಇಲ್ಲದ್ದೂ ಕಂಡವರ ಕಣ್ಣಿಗೆ ಬೀಳುತ್ತದೆ. ಇಷ್ಟನ್ನು ಹೆಂಡತಿಯ ಬಾಯಿಂದ ಬಿಡಿಸಿ ಕೇಳಬೇಕೇ? ಆಪರೇಷನ್ ಆದಾಗಿನಿಂದ ಅವಳು ಗೋಡೆಗೆ ಮುಖ ಮಾಡಿ ಸೀರೆ ಉಡುತ್ತಾಳೆ. ಅವನು ಆ ಹೊತ್ತಿಗೆ ಪೇಪರಿನಲ್ಲಿ ಮುಖ ಹುದುಗಿಸುತ್ತಾನೆ. ಅದು ಮರ್ಯಾದೆ ಎಂದು ಅವನು ತಿಳಿದಿದ್ದ. ಮರ್ಯಾದೆಯೋ ಹೆದರಿಕೆಯೋ ದೇವರಿಗೇ ಗೊತ್ತು.

ಆ ಮೆಟ್ಟಿಲ ಮೇಲೆ ತನಗೆ ಸಂತೋಷವೇ ಆಯಿತೇ ಎಂದು ಅವನು ಆಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದಾನೆ. ಆಯಿತು, ಕಣ್ಣಲ್ಲಿ ನೀರು ಬಂತು, ಅದರಲ್ಲಿ ಸುಳ್ಳಿಲ್ಲ. ಆದರೆ ಅದರ ಹಿಂದೆಯೇ, ಬುತ್ತಿ ಕಟ್ಟಿಕೊಂಡು ಬಸ್‌ಸ್ಟ್ಯಾಂಡಿಗೆ ಹೋದವನಿಗೆ ಬಸ್ಸು ಇಲ್ಲ, ಮನೆಗೆ ನಡಿ ಎಂದಂತೆ ಏನೋ ಒಂದು ಆಯಿತು. ಅವಳಿಲ್ಲದ ಮನೆಯನ್ನು ಅವನು ಮನಸ್ಸಿನಲ್ಲಿ ಒಂದೊಂದಾಗಿ ಜೋಡಿಸಿಕೊಂಡಿದ್ದ. ದೇವರ ಮುಂದೆ ದೀಪ ಯಾರು ಹಚ್ಚುವುದು, ಹಾಲಿನವನಿಗೆ ಬಾಗಿಲು ಯಾರು ತೆಗೆಯುವುದು, ಸಂಜೆ ಅಂಗಡಿ ಮುಚ್ಚಿ ಬಂದು ತಾನೇ ಒಂದು ರೊಟ್ಟಿ ಬಡಿದುಕೊಂಡು ತಿಂದು ತಾಟು ಗಲಬರಿಸಿ ಮಲಗುವುದು. ಮಗಳ ಮನೆಗೆ ಹೋಗಿ ಕೂಡುವುದಿಲ್ಲ, ಯಾರಿಗೂ ಭಾರವಾಗುವುದಿಲ್ಲ ಎಂಬ ಹಮ್ಮು ಬೇರೆ. ಮೊದಲನೆಯ ರೊಟ್ಟಿ ಹಂಚಿನ ಮೇಲೆ ಉಬ್ಬಿದ ದಿನವಂತೂ! ಎಷ್ಟೋ ದಿನ ಹರಿದು, ಸುಟ್ಟು, ಹಸಿ ಉಳಿದು, ನೀಲವ್ವನಿಂದ ಬೈಸಿಕೊಂಡು, ಆವತ್ತು ಒಮ್ಮೆಲೇ ಚೆಂಡಿನ ಹಾಗೆ ಉಬ್ಬಿ ನಿಂತಿತು. ಅವನು ಕೂಗಿಯೇಬಿಟ್ಟ. ಖಾನಾವಳಿಯಲ್ಲಿದ್ದವರು ಚಪ್ಪಾಳೆ ತಟ್ಟಿದರು. ಮೀಸೆಯಲ್ಲಿ ನಗುತ್ತ ವಾರ್ಡಿಗೆ ಬಂದರೆ ಸುಮಿತ್ರವ್ವ ಬಕೆಟ್ಟಿನ ಮೇಲೆ ಬಾಗಿ ವಾಂತಿ ಮಾಡುತ್ತಿದ್ದಳು, ನರ್ಸು ಬೆನ್ನು ಸವರುತ್ತಿದ್ದಳು. "ಉಂಡ್ರೇನು?" ಎಂದು ಅಂಥದ್ದರಲ್ಲೂ ಕೇಳಿದಳು. ಆ ನಗು ಇನ್ನೂ ತನ್ನ ಮುಖದ ಮೇಲೆ ಇತ್ತೇ, ಅವಳು ಅದನ್ನು ನೋಡಿದಳೇ? ಅದೊಂದು ಅವನಿಗೆ ಇವತ್ತಿಗೂ ತಿಳಿಯದು. ಅವಳಿಗೆ ಗೊತ್ತಾದ ದಿನ ತನ್ನ ಸಂಸಾರ ಮುಗಿದಂತೆ ಎಂದು ಅವನು ನಂಬಿದ್ದ. ಬದುಕಿ ಬಂದವಳನ್ನು ಆ ಒಂದು ಮಾತು ಕೊಂದುಹಾಕುತ್ತದೆ.

ಹೆದ್ದಾರಿ ಬಿಟ್ಟು, ಒಂದು ಸಣ್ಣ ಅಂಗಡಿಯಲ್ಲಿ ಸೋಡಾ ಕುಡಿಯುವ ನೆಪದಲ್ಲಿ ಮುರ್ತುಜಾ ಮತ್ತೆ ವಿಚಾರಿಸಿಕೊಂಡು ಬಂದ. ಗಾಳಿಮರದ ತೋಪಿನ ಆಚೆ ಒಂದು ತುಂಡು ದಂಡೆ ಇದೆಯಂತೆ, ಕಾರು ತೋಪಿನವರೆಗೆ ಮಾತ್ರ, ಅಲ್ಲಿಗೆ ಯಾರೂ ಹೋಗುವುದಿಲ್ಲವಂತೆ. "ಯಾರೂ ಹೋಗೂದಿಲ್ಲಂದ್ರ ಯಾಕ ಹೋಗೂದಿಲ್ಲಂತ ಕೇಳಿದಿಯಿಲ್ಲೋ?" ಎಂದ ದೇವೇಂದ್ರಪ್ಪ. "ಕೇಳಿದ್ನಿರಿ. ಅಲ್ಲಿ ಭೇಲ್‌ಪುರಿ ಸಿಗೂದಿಲ್ಲಂತ!" ಸುಮಿತ್ರವ್ವ ಆ ದಿನ ಮೊದಲ ಬಾರಿಗೆ ಬಾಯಿ ತುಂಬ ನಕ್ಕಳು.

ತೋಪಿನ ಅಂಚಿಗೆ ಒಂದೇ ಮನೆ. ಹಂಚಿನ ಮಾಡು, ಅಂಗಳದಲ್ಲಿ ಒಲೆ, ಒಲೆಯ ಮೇಲೆ ಕುಚ್ಚಲಕ್ಕಿಯ ಗಂಜಿ. ಮನೆಯ ಹೆಂಗಸು, ಇವರ ವಯಸ್ಸಿನವಳೇ, ನಡುವಿಗೆ ಸೆರಗು ಕಟ್ಟಿಕೊಂಡು ಹೊರಗೆ ಬಂದಳು. ಸುಮಿತ್ರವ್ವ ಬೆಳಿಗ್ಗೆಯಿಂದ ಒಂದು ಬಾಳೆಹಣ್ಣಿನ ಮೇಲೆ ಇದ್ದಳು. ಊಟವಾಗದೆ ಗುಳಿಗೆ ನುಂಗುವ ಹಾಗಿಲ್ಲ, ಗುಳಿಗೆಯ ಹೊತ್ತು ಮೀರುತ್ತಿತ್ತು. ಮನೆಯಾಕೆ, "ನಮ್ಮಲ್ಲಿ ಗಂಜಿ, ಮೀನುಸಾರು. ನಿಮ್ಗೆ ಆಗೂದಿಲ್ಲ ಅಲ್ದಾ? ಒಲೆ ಅದೆ, ಕಾವಲಿ ಅದೆ, ನಿಮ್ಗೆ ಬೇಕಾದ್ದು ಮಾಡ್ಕಣಿ" ಎಂದು, ದೋಸೆಯ ಕಾವಲಿಯನ್ನು ಬೂದಿ ಹಾಕಿ ತಿಕ್ಕಿ ತೊಳೆದು ತಂದಿಟ್ಟಳು. ಸುಮಿತ್ರವ್ವನಿಗೆ ಒಲೆ ಕಂಡದ್ದೇ ಹುರುಪು ಬಂದುಬಿಟ್ಟಿತು. ಮುರ್ತುಜಾನನ್ನು ಓಡಿಸಿ ಕಾರಿನಿಂದ ಹಿಟ್ಟಿನ ಚೀಲ ತರಿಸಿದಳು. ಭಾರದ ಕೆಲಸಕ್ಕೆ ಆ ಕೈ ಹಚ್ಚಬೇಡಿ ಎಂದು ಡಾಕ್ಟರು ಹೇಳಿದ್ದರು. ವರ್ಷದಿಂದ ಮನೆಗೆ ರೊಟ್ಟಿ ಪೇಟೆಯಿಂದ ಬರುತ್ತಿತ್ತು. "ನಾಕು ಬಡದ್ರ ಸಾಯೂದಿಲ್ಲ ತಗೋರಿ" ಎಂದು ಕುಕ್ಕರಗಾಲಿನಲ್ಲಿ ಕೂತು ಕುದಿಯುವ ನೀರಿಗೆ ಹಿಟ್ಟು ಸುರಿದಳು.

ಎಡಗೈಯಿಂದ ನಾದಿದಳು, ಆಗಲಿಲ್ಲ. ಬಲಗೈ ಹಚ್ಚಿದಳು. ಮಣೆಯ ಮೇಲೆ ಹಿಟ್ಟು ಉದುರಿಸಿ ಉಂಡೆ ಇಟ್ಟು ಒಂದೆರಡು ಏಟು ಹಾಕುವಷ್ಟರಲ್ಲಿ ಮುಖ ಹಿಂಡಿಕೊಂಡಳು. ರೊಟ್ಟಿ ಒಂದು ಅಂಚಿನಿಂದ ನಡುವಿನತನಕ ಹರಿಯಿತು. ಇಡೀ ಡಂಬಳದಲ್ಲಿ ಇವಳಷ್ಟು ತೆಳ್ಳಗೆ ಬಡಿಯುವವರಿಲ್ಲ ಎಂದು ಹೇಳಿಸಿಕೊಂಡು ಲಗ್ನವಾಗಿ ಬಂದವಳು ಹರಿದ ರೊಟ್ಟಿಯನ್ನು ನೋಡುತ್ತ ಕುಳಿತಳು. ಅದನ್ನು ನೋಡಲಾರದೆ ದೇವೇಂದ್ರಪ್ಪ, "ಸರಿ ಆ ಕಡೆ" ಎಂದು ಅವಳನ್ನು ಮೊಣಕೈಯಿಂದ ಸರಿಸಿ ಕುಳಿತ. ಅಂಗೈಯ ಬುಡದಿಂದ ಹಿಟ್ಟನ್ನು ಒತ್ತಿ ಒತ್ತಿ ನಾದಿದ, ಮುರಿದು ಉಂಡೆ ಕಟ್ಟಿದ, ಮಣೆಗೆ ಇಟ್ಟ. ಎರಡು ಕೈಯೂ ತಮ್ಮಷ್ಟಕ್ಕೆ ತಾವೇ ನಡೆದವು. ರೊಟ್ಟಿ ತಿರುಗುತ್ತ ತಿರುಗುತ್ತ ಅಗಲವಾಯಿತು. ಅಂಗೈ ಮೇಲೆ ಎತ್ತಿ ಕಾವಲಿಗೆ ಹಾಕಿ, ಮೇಲೆ ನೀರಿನ ಅರಿವೆ ಸವರಿ, ಮಗುಚಿ, ತೆಗೆದು ಕೆಂಡದ ಬಾಯಿಗೆ ಒರಗಿಸಿದ. ಅದು ಉಬ್ಬಿತು.

"ಅಲ್ಲಾ ಅಲ್ಲಾ! ಸಾವ್ಕಾರ್ರ, ಇದನ್ನ ಯಾವಾಗ ಕಲ್ತ್ರಿ?" ಎಂದು ಮುರ್ತುಜಾ ಕೂಗಿದ.

ದೇವೇಂದ್ರಪ್ಪ ಕೈ ಹಿಂದಕ್ಕೆ ಎಳೆದುಕೊಂಡ. ಕೈಯೆಲ್ಲ ಹಿಟ್ಟು, ಎಲ್ಲಿ ಅಡಗಿಸುವುದು? ಹೆಂಡತಿಯ ಕಡೆ ನೋಡುವ ಧೈರ್ಯ ಬರಲಿಲ್ಲ. ಒಂದು ದಿನದಲ್ಲಿ ಬರುವ ವಿದ್ಯೆಯಲ್ಲ ಇದು, ತಿಂಗಳುಗಟ್ಟಲೆ ಕೈ ಸುಟ್ಟುಕೊಂಡರೆ ಬರುವುದು ಎಂದು ಈ ಭೂಮಿಯ ಮೇಲೆ ಯಾರಿಗಾದರೂ ಗೊತ್ತಿದ್ದರೆ ಅದು ಸುಮಿತ್ರವ್ವನಿಗೆ. ಅವಳು ಚಟ್ನಿ ಹಚ್ಚಿಕೊಂಡು ಒಂದು ರೊಟ್ಟಿ ತಿಂದಳು, ಇನ್ನೊಂದು ಹಾಕ್ರಿ ಎಂದಳು, ಅದನ್ನೂ ತಿಂದಳು. ಮನೆಯಾಕೆಗೆ ಒಂದು ಕೊಡಿಸಿದಳು, ಮುರ್ತುಜಾನಿಗೆ ಎರಡು. ಗುಳಿಗೆ ನುಂಗಿ ನೀರು ಕುಡಿದು, "ನಡೀರಿ, ನೀರು ನೋಡೂಣು" ಎಂದು ಎದ್ದಳು. ಮುರ್ತುಜಾ ತಾನೂ ಹೊರಟವನು, ಏನು ಹೊಳೆಯಿತೋ, ಇಲ್ಲೇ ಸ್ವಲ್ಪ ಅಡ್ಡಾಗುತ್ತೇನೆ ಎಂದು ಅಂಗಳದಲ್ಲೇ ಉಳಿದ.

ತೋಪು ದಾಟಿದರೆ ದಂಡೆ. ಎರಡು ಕಡೆ ಕರಿಬಂಡೆ, ನಡುವೆ ಮುಂಡರಗಿಯ ಒಂದು ಓಣಿಯಷ್ಟು ಉಸುಕು, ಮುಂದೆ ನೀರು. ಮನುಷ್ಯರ ಹೆಜ್ಜೆಯೇ ಇಲ್ಲ. ಇಷ್ಟು ಹುಡುಕಿ ಸಿಕ್ಕ ಜಾಗವನ್ನು ದೇವೇಂದ್ರಪ್ಪ ಕಣ್ಣೆತ್ತಿ ನೋಡಲಿಲ್ಲ. ಅವಳ ಬೆನ್ನು ನೋಡುತ್ತ, ಈಗ ಕೇಳುತ್ತಾಳೆ, ಈಗ ಕೇಳುತ್ತಾಳೆ ಎಂದು ಜೀವವನ್ನು ಕೈಯಲ್ಲಿ ಹಿಡಿದುಕೊಂಡು ನಡೆದ. ನೀರು ಕಾಲಿಗೆ ತಾಕುವಲ್ಲಿ ಅವಳು ನಿಂತಳು.

"ಹುಬ್ಬಳ್ಯಾಗ ಕಲ್ತ್ರೇನು?"

"ಹೂಂ."

"ನಾ ದವಾಖಾನ್ಯಾಗ ಬಿದ್ದಾಗ."

"ಹೂಂ."

"ಕಲಿಸಿದಾಕಿ ಕೇಳಲಿಲ್ಲೇನು, ಹೇಣ್ತಿ ಎಲ್ಲಿ ಅಂತ?"

ಸುಳ್ಳು ಹೇಳಬಹುದಿತ್ತು. ಬಾಯಿಗೆ ಬರಲಿಲ್ಲ. "ಕೇಳಿದಳು" ಎಂದ. "ಮನ್ಯಾಗ ಯಾರೂ ಇಲ್ಲ ಅಂದೆ."

ಒಂದು ತೆರೆ ಬಂದು ಇಬ್ಬರ ಕಾಲ ಕೆಳಗಿನ ಉಸುಕನ್ನು ಕಿತ್ತುಕೊಂಡು ಹೋಯಿತು. ಸುಮಿತ್ರವ್ವ ವಾಲಿದಳು, ಅವನು ತೋಳು ಹಿಡಿದ. ಅವಳು ಬಿಡಿಸಿಕೊಳ್ಳಲಿಲ್ಲ. ಆಮೇಲೆ ಕೇಳಿದ ಪ್ರಶ್ನೆಯನ್ನು ಅವನು ಕನಸಿನಲ್ಲೂ ಎಣಿಸಿರಲಿಲ್ಲ.

"ಮೊದಲನೇದ್ದು ಉಬ್ಬಿದಾಗ ಖುಷಿ ಆತೇನು?"

ಅವನು ತನ್ನ ಅಂಗೈ ನೋಡಿಕೊಂಡ.

"ಖರೆ ಹೇಳ್ರಿ."

"ಭಾಳ ಆತು" ಎಂದ, ಎಂದವನೇ ಸಣ್ಣ ಹುಡುಗನ ಹಾಗೆ ಬಿಕ್ಕಿದ. "ನೀ ಅಲ್ಲಿ ವಾಂತಿ ಮಾಡ್ಕೋತ ಕುಂತಿದ್ದಿ. ನಾ ಇಲ್ಲಿ ನಕ್ಕೋತ ಬಂದೆ. ನಾ ಎಂಥಾ ಮನಶ್ಯಾ ಇರಬೇಕು!"

"ಅಯ್ಯ, ಸುಮ್ನಿರ್ರಿ" ಎಂದಳು ಸುಮಿತ್ರವ್ವ. "ನಾ ಮೊದಲನೇ ರೊಟ್ಟಿ ಬಡದಾಗ ಸಣ್ಣಾಕಿದ್ದೆ. ನಮ್ಮವ್ವ ವಿಷಮಜ್ವರ ಬಂದು ಒಳಗ ಮಲಗಿದ್ಲು, ಉಳಿಯೂದಿಲ್ಲ ಅಂದಿದ್ರು ಎಲ್ಲಾರೂ. ರೊಟ್ಟಿ ಉಬ್ಬಿದ ಕೂಡ್ಲೆ ನಾ ಪಡಸಾಲಿ ತುಂಬ ಕುಣದೆ. ಅವ್ವ ಒಳಗಿಂದ ಕೇಳಿದ್ಲು, ಉಬ್ಬಿತೇನಽ ಅಂತ. ತಂದು ತೋರ್ಸು ಅಂದ್ಲು." ನೆರಿಗೆ ಎತ್ತಿಕೊಳ್ಳುತ್ತ, "ರೊಟ್ಟಿ ಎಲ್ಲಾರೂ ಕಲಿಯೂದು ಹಂಗಽ ರಿ. ಬಡಿಯಾಕಿ ಮಲಗಿದಾಗ. ಆಕಿ ಗಟ್ಟಿ ಇದ್ದಾಗ ಯಾರ ಕಲೀತಾರ?" ಎಂದಳು.

ದೇವೇಂದ್ರಪ್ಪ ಪಂಚೆಯ ತುದಿಯಿಂದ ಮೂಗು ಒರೆಸಿಕೊಂಡ. ವರ್ಷದಿಂದ ಎದೆಯ ಮೇಲೆ ಕೂತಿದ್ದ ಗೊಬ್ಬರದ ಚೀಲವನ್ನು ಯಾರೋ ಎತ್ತಿ ಬದಿಗೆ ಇಟ್ಟಂತಾಯಿತು. ಉಸಿರು ಹೊಟ್ಟೆಯ ತಳದವರೆಗೆ ಹೋಗಿ ಬಂತು. ಇಷ್ಟೇ ಆಗಿತ್ತೇ? ಇಷ್ಟಕ್ಕೆ ತಾನು ವರ್ಷವಿಡೀ ಕೈ ಬಚ್ಚಿಟ್ಟುಕೊಂಡು ತಿರುಗಿದೆನೇ? ನಗು ಬಂತು, ಅಳುವೂ ಇನ್ನೂ ನಿಂತಿರಲಿಲ್ಲ.

ಅಷ್ಟರಲ್ಲಿ ಸುಮಿತ್ರವ್ವ ಮುಂದೆ ಹೋಗಿಬಿಟ್ಟಿದ್ದಳು. ಮೊಣಕಾಲುದ್ದ ನೀರಿನಲ್ಲಿ ನಿಂತು ಹಿಂತಿರುಗಿ, "ನಾನೂ ಸುಮ್ನ ಕುಂತಿರಲಿಲ್ಲ ಮತ್ತ. ನೀವೊಬ್ಬರಽ ಶಾಣ್ಯಾರ ಅನಕೋಬ್ಯಾಡ್ರಿ. ಅಲ್ಲಿ ಮಲಗಿದಲ್ಲೇ ನಿಮಗೊಂದು ಹೆಣ್ಣು ನೋಡಿಟ್ಟಿದ್ದೆ" ಎಂದಳು.

"ಏನು?"

"ಹೌದ್ರಿ. ನೀವು ಹಸಗೊಂಡು ಕುಂಡ್ರಬಾರದಲ್ಲ. ವಿದ್ಯಾಶ್ರೀಗೂ ಹೇಳಿದ್ದೆ, ಆಕಿ ಹೋ ಅಂತ ಅತ್ತು ಫೋನ ಇಟ್ಟಳು. ಒಳ್ಳೇಕಿ. ಮನಿ ಚೊಕ್ಕ ಇಟ್ಕೋತಾಳ. ಆದ್ರ ರೊಟ್ಟಿ ಬಡಿಯಾಕ ಬರೂದಿಲ್ಲ, ಅದೊಂದು ಚಿಂತಿ ಹತ್ತಿತ್ತು ನನಗ."

"ಯಾರಽ ಅಕಿ?"

"ಈಗ್ಯಾಕ ಬೇಕದು ನಿಮಗ?"

"ಹೇಳಽ ಮಾರಾಯ್ತಿ, ಯಾರು?"

"ಹೇಳೂದಿಲ್ಲ ಹೋಗ್ರಿ!" ಎಂದು ನಗುತ್ತ ಸುಮಿತ್ರವ್ವ ಬರುವ ತೆರೆಗೆ ಬೆನ್ನು ಕೊಟ್ಟು ನೀರಿನಲ್ಲಿ ಕುಳಿತುಬಿಟ್ಟಳು. ತೆರೆ ಅವಳ ಹೆಗಲ ಮೇಲಿಂದ ಹಾಯ್ದು ಬಂತು. ಸೆರಗು ಜಾರಿ ನೀರಿಗೆ ಬಿದ್ದು ತೇಲತೊಡಗಿತು, ಅವಳು ಅದನ್ನು ಎಳೆದುಕೊಳ್ಳಲಿಲ್ಲ. ತೊಯ್ದ ಕುಪ್ಪಸ ಮೈಗೆ ಹತ್ತಿತ್ತು. ದೇವೇಂದ್ರಪ್ಪ ನೋಡಿದ. ಒಂದು ಕಡೆ ಇತ್ತು, ಒಂದು ಕಡೆ ಇರಲಿಲ್ಲ. ಅಷ್ಟೇ. ಅವನು ಕಣ್ಣು ತೆಗೆಯಲಿಲ್ಲ, ಅವಳೂ ಮುಖ ತಿರುಗಿಸಲಿಲ್ಲ. ಯಾರಿರಬಹುದು, ಬಾಳೆಹೊಸೂರಿನ ಅವಳ ಚಿಕ್ಕಪ್ಪನ ಮಗಳು ಕಾಂಚನಾಳೇ ಇರಬೇಕು, ಅವಳ ರೊಟ್ಟಿ ಖರೆ ಅಂದರೂ ಹಸಿ ಇರುತ್ತದೆ ಎಂದು ಯೋಚಿಸುತ್ತ, ಪಂಚೆ ಎತ್ತಿ ಕಟ್ಟುವುದನ್ನೂ ಮರೆತು, ಅವನು ನೀರಿಗೆ ಇಳಿದು ಹೆಂಡತಿಯ ಪಕ್ಕದಲ್ಲಿ ಕುಳಿತ.